ಅವೆನ್ಯೂ ರಸ್ತೆ: ಬೆಂಗಳೂರಿನ ದೊಡ್ಡಪೇಟೆ

ಬೆಂಗಳೂರಿನ ಹಳೆಯ ಪೇಟೆಯ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುವ, ಸುಮಾರು ಒಂದು ಕಿಲೋಮೀಟರ್ ಉದ್ದದ ವ್ಯಾಪಾರದ ಬೀದಿ. ಉತ್ತರದ ತುದಿಯಲ್ಲಿ ಕೆಂಪೇಗೌಡ ರಸ್ತೆಯ ಮೈಸೂರು ಬ್ಯಾಂಕ್ ವೃತ್ತ, ದಕ್ಷಿಣದ ತುದಿಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. ಮೂಲ ಹೆಸರು ದೊಡ್ಡಪೇಟೆ. ಪೂರ್ವ–ಪಶ್ಚಿಮವಾಗಿ ಬರುವ ಚಿಕ್ಕಪೇಟೆ ಬೀದಿ ಇದನ್ನು ಅಡ್ಡಹಾಯುವ ಚೌಕವೇ ಊರಿನ ಹುಟ್ಟಿನ ಜಾಗವೆಂದು ಬೆಂಗಳೂರಿನವರು ನಂಬಿಕೊಂಡು ಬಂದಿದ್ದಾರೆ. ಪುಸ್ತಕ, ಕಾಗದ, ಲಗ್ನಪತ್ರಿಕೆ, ಬೆಳ್ಳಿ, ಚಿನ್ನ, ಬಟ್ಟೆ, ಅತ್ತರು, ಕ್ಯಾಲೆಂಡರು, ರಬ್ಬರ್ ಸ್ಟ್ಯಾಂಪು, ಇನ್ನೂ ನೂರೆಂಟು ಸಾಮಾನುಗಳ ಸಗಟು ಮತ್ತು ಚಿಲ್ಲರೆ ವ್ಯಾಪಾರ ಇಲ್ಲಿ ನಡೆಯುತ್ತದೆ.

ಈ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುವುದೇ ಹೆಚ್ಚು. ಗೋಡೆಗಳು ಬಿದ್ದಿವೆ, ಬಾಗಿಲುಗಳು ಹೋಗಿವೆ, ಮನೆಗಳು ಕಾಂಪ್ಲೆಕ್ಸುಗಳಾಗಿವೆ. ಉಳಿದಿರುವುದು ನೆಲದ ಮೇಲಿನ ಗೆರೆ: ಬೀದಿಯ ದಿಕ್ಕು, ಅದರ ಅಗಲ, ಅದಕ್ಕೆ ಬಂದು ಸೇರುವ ಗಲ್ಲಿಗಳ ಕ್ರಮ, ಗಲ್ಲಿಗೊಂದು ಕಸುಬು ಎಂಬ ಕಟ್ಟು. ಅವೆನ್ಯೂ ರಸ್ತೆಯ ನಿಜವಾದ ಸ್ಮಾರಕ ಈ ನಕ್ಷೆಯೇ. ಅದನ್ನು ಓದಲು ಬಂದರೆ ಬೆಂಗಳೂರಿನ ಸುಮಾರು ಐದು ಶತಮಾನಗಳ ಕಥೆ ಒಂದು ಕಿಲೋಮೀಟರ್ ನಡಿಗೆಯಲ್ಲಿ ಸಿಗುತ್ತದೆ.

ಹೆಸರು

ಕನ್ನಡದಲ್ಲಿ ಪೇಟೆ ಎಂದರೆ ಅಂಗಡಿಬೀದಿಯೂ ಹೌದು, ಅಂಗಡಿಬೀದಿಯ ಸುತ್ತ ಬೆಳೆದ ಊರೂ ಹೌದು. ಬಸವನಗುಡಿ, ಮಲ್ಲೇಶ್ವರದ ಹಿರಿಯರು ಇಂದಿಗೂ ‘ಪೇಟೆಗೆ ಹೋಗಿಬರ್ತೀನಿ’ ಎಂದರೆ ಈ ಬೀದಿ ಮತ್ತು ಇದರ ಅಕ್ಕಪಕ್ಕವೇ ಅವರ ಮನಸ್ಸಿನಲ್ಲಿರುವುದು. ಎರಡು ಮುಖ್ಯ ಬೀದಿಗಳಲ್ಲಿ ಒಂದು ದೊಡ್ಡಪೇಟೆ, ಇನ್ನೊಂದು ಚಿಕ್ಕಪೇಟೆ. ಚಿಕ್ಕಪೇಟೆಯ ಹೆಸರು ಉಳಿಯಿತು. ದೊಡ್ಡಪೇಟೆ 19ನೇ ಶತಮಾನದ ಉತ್ತರಾರ್ಧದಲ್ಲಿ ಅವೆನ್ಯೂ ರೋಡ್ ಆಯಿತು. ಇಂಗ್ಲಿಷಿನಲ್ಲಿ ಆ ಮಾತಿಗೆ ಸಾಲುಮರಗಳ ದಾರಿ ಎಂಬ ಅರ್ಥವಿದೆ. ಇಂದು ಇಲ್ಲಿ ನೆರಳಿಗೆ ನಿಲ್ಲಲು ಸಾಲುಮರಗಳಿಲ್ಲ. ಹಮಾಲರ ಬಾಯಲ್ಲಿ, ಆಟೋದವರ ಬಾಯಲ್ಲಿ ಅದು ‘ಅವಿನ್ಯೂ ರೋಡು’. ಹಳೆಯ ಹೆಸರು ಪೂರ್ತಿ ಅಳಿದಿಲ್ಲ. ದೊಡ್ಡಪೇಟೆ ಚೌಕ ಎಂದರೆ ಹಳೆಯ ವ್ಯಾಪಾರಿಗಳಿಗೆ ಗೊತ್ತಾಗುತ್ತದೆ.

ಹುಟ್ಟು

ಯಲಹಂಕ ನಾಡಪ್ರಭು ಕೆಂಪೇಗೌಡ 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರು ಪೇಟೆಗೆ ಅಸ್ತಿವಾರ ಹಾಕಿದ. ಬಾಯಿಂದ ಬಾಯಿಗೆ ಬಂದ ಐತಿಹ್ಯದ ಪ್ರಕಾರ, ಒಳ್ಳೆಯ ಮುಹೂರ್ತದಲ್ಲಿ ಈಗಿನ ದೊಡ್ಡಪೇಟೆ ಚೌಕದ ಜಾಗದಲ್ಲಿ ನಾಲ್ಕು ಜೋಡಿ ಬಿಳಿ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಹೊಡೆದರು. ನೇಗಿಲ ಸಾಲು ಹೋದಷ್ಟು ದೂರ ಬೀದಿಯಾಯಿತು. ಉತ್ತರ–ದಕ್ಷಿಣದ ಸಾಲು ದೊಡ್ಡಪೇಟೆ, ಪೂರ್ವ–ಪಶ್ಚಿಮದ ಸಾಲು ಚಿಕ್ಕಪೇಟೆ. ಈ ಕಥೆಗೆ ಶಾಸನದ ಆಧಾರ ಬೇಡುವುದು ಬೇಡ. ಮೊದಲು ಚೌಕ, ಆಮೇಲೆ ಬೀದಿ, ಕೊನೆಗೆ ಮನೆ ಎಂಬ ಕ್ರಮದಲ್ಲಿ ಊರು ಎದ್ದಿತು ಎಂಬುದನ್ನು ಅದು ಒಕ್ಕಲುತನದ ಮಾತಿನಲ್ಲಿ ನೆನಪಿಟ್ಟುಕೊಂಡಿದೆ. ಯೋಚಿಸಿ ಗೆರೆ ಎಳೆದ ಊರು ಇದು. ತನ್ನಷ್ಟಕ್ಕೆ ಹರಡಿಕೊಂಡದ್ದಲ್ಲ ಎಂಬುದು ನಕ್ಷೆ ನೋಡಿದರೆ ಇಂದಿಗೂ ತಿಳಿಯುತ್ತದೆ.

ಕೆಂಪೇಗೌಡ ಬೇರೆ ಬೇರೆ ಕಸುಬಿನವರನ್ನು ಕರೆತಂದು ಅವರವರಿಗೆ ಬೀದಿ ಕೊಟ್ಟ, ಕೆರೆಗಳನ್ನು ಕಟ್ಟಿಸಿದ. ಪೇಟೆಯ ವಾಯವ್ಯಕ್ಕಿದ್ದ ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿದೆ.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಊರು ಶಿವಾಜಿಯ ತಂದೆ ಶಹಾಜಿ ಭೋಸಲೆಯ ಜಹಗೀರಾಯಿತು. 1687ರಲ್ಲಿ ಮೊಘಲರ ಕೈಸೇರಿ, ಕೆಲವೇ ವರ್ಷಗಳಲ್ಲಿ ಹಣಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ದೊರೆಗಳು ಇಷ್ಟು ಬದಲಾದರೂ ಬೀದಿ ಬದಲಾಗಲಿಲ್ಲ. ಗೆದ್ದವರಿಗೆಲ್ಲ ಬೇಕಿದ್ದದ್ದು ಇಲ್ಲಿ ಹುಟ್ಟುತ್ತಿದ್ದ ಸುಂಕ. ತೆಲುಗು, ಮರಾಠಿ, ದಖನಿ, ತಮಿಳು ಮಾತಾಡುವ ಕುಟುಂಬಗಳು ಕನ್ನಡದ ಕುಟುಂಬಗಳ ಮಗ್ಗುಲಲ್ಲೇ ನೆಲೆನಿಂತದ್ದಕ್ಕೆ ಈ ಆಳ್ವಿಕೆಗಳೂ ಒಂದು ಕಾರಣ. ಒಂದೇ ಅಂಗಡಿಯಲ್ಲಿ ಗಿರಾಕಿಗೊಂದು ಭಾಷೆ ಮಾತಾಡುವ ಅಭ್ಯಾಸ ಇಲ್ಲಿಗೆ ಹೊಸದಲ್ಲ.

ಬಾಗಿಲುಗಳು, ಮುತ್ತಿಗೆ

ಪೇಟೆಯ ಸುತ್ತ ಮಣ್ಣಿನ ಗೋಡೆ, ಅದರಾಚೆ ಕಂದಕ, ದಟ್ಟವಾದ ಮುಳ್ಳುಬೇಲಿ ಇದ್ದವು. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು, ಉತ್ತರಕ್ಕೆ ಯಲಹಂಕ ಬಾಗಿಲು, ಆನೇಕಲ್ ಕಡೆಗೆ ಆನೇಕಲ್ ಬಾಗಿಲು. ದಾರಿ ಯಾವ ಊರಿಗೆ ಹೋಗುತ್ತದೋ ಬಾಗಿಲಿಗೆ ಆ ಊರಿನ ಹೆಸರು. ದೊಡ್ಡಪೇಟೆ ಬೀದಿ ಯಲಹಂಕ ಬಾಗಿಲಿನಿಂದ ಹೊರಟು ದಕ್ಷಿಣದ ಕೋಟೆಯ ಕಡೆಗೆ ಇಳಿಯುತ್ತಿತ್ತು. ಹೊರಗಿನ ಸರಕು ಒಂದು ಕಡೆ, ಆಳುವವರು ಇನ್ನೊಂದು ಕಡೆ, ನಡುವೆ ವ್ಯಾಪಾರಿ. ದಕ್ಷಿಣದ ಆ ಕೋಟೆಯನ್ನು 1761ರಲ್ಲಿ ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ. ಅದರ ದೆಹಲಿ ಬಾಗಿಲಿನ ಭಾಗ ಮಾತ್ರ ಮಾರುಕಟ್ಟೆಯ ಹತ್ತಿರ ಇಂದು ಉಳಿದಿದೆ.

ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 7ರಂದು, ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರ ವರ್ಣಚಿತ್ರವಾಗಿಸಿದ. ಪೇಟೆಯನ್ನು ಮರಳಿ ಪಡೆಯಲು ಹೈದರನ ಮಗ ಟಿಪ್ಪುವಿನ ಪಡೆ ಅದೇ ದಿನ ಬೀದಿಬೀದಿಯಲ್ಲಿ ಕಾದಾಡಿತು. ಆಗಲಿಲ್ಲ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಯುದ್ಧದ ಪುಸ್ತಕಗಳಲ್ಲಿ ಇದೆಲ್ಲ ಬಾಗಿಲು, ಫಿರಂಗಿ, ಅಧಿಕಾರಿಗಳ ಹೆಸರಾಗಿ ಬರುತ್ತದೆ. ದೊಡ್ಡಪೇಟೆಯ ಕಡೆಯಿಂದ ನೋಡಿದರೆ ಅದು ಅಂಗಡಿಗೆ ಬೀಗ ಹಾಕಿ, ಕೆಲವರು ಬೀಗವನ್ನೂ ಹಾಕದೆ, ಮಕ್ಕಳುಮರಿ ಕಟ್ಟಿಕೊಂಡು ಓಡಿಹೋದ ದಿನ. ಒಳಗೆ ಬಂದ ಸೇನೆಗೆ ಹತ್ತಿ, ಬಟ್ಟೆ, ದವಸದ ದಾಸ್ತಾನು ಸಿಕ್ಕಿತು. ಆ ದಾಸ್ತಾನು ಯಾರ್ಯಾರದೋ ಜೀವಮಾನದ ದುಡಿಮೆಯಾಗಿತ್ತು ಎಂಬುದನ್ನು ಯುದ್ಧದ ಲೆಕ್ಕ ಬರೆದವರು ಬರೆಯಲಿಲ್ಲ.

ಟಿಪ್ಪು 1799ರಲ್ಲಿ ಮಡಿದ ಮೇಲೆ ದಿವಾನ್ ಪೂರ್ಣಯ್ಯನ ಆಡಳಿತದಲ್ಲಿ ಜನ ಹಿಂದಿರುಗಿದರು. 1800ರಲ್ಲಿ ಈ ದಾರಿಯಲ್ಲಿ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ನೇಕಾರರು, ಬಣ್ಣಗಾರರು, ಎಣ್ಣೆ ತೆಗೆಯುವವರನ್ನೆಲ್ಲ ಕೂರಿಸಿಕೊಂಡು ಕೇಳಿ ಅವರ ಕೆಲಸದ ವಿವರ ಬರೆದುಕೊಂಡ. ಪೇಟೆಯ ಕಸುಬುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಅವನು ಬರೆದಿಟ್ಟದ್ದು. 1809ರಲ್ಲಿ ಪೂರ್ವದ ಬಯಲಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಅಲ್ಲಿಂದ ಮುಂದೆ ನೂರನಲವತ್ತು ವರ್ಷ ಬೆಂಗಳೂರು ಎರಡು ಊರಾಗಿತ್ತು: ಪೇಟೆ ಮತ್ತು ದಂಡು. ಎರಡಕ್ಕೂ ಬೇರೆ ಬೇರೆ ಪುರಸಭೆ. ಅವು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ.

ಗಲ್ಲಿಗೊಂದು ಕಸುಬು

ಅವೆನ್ಯೂ ರಸ್ತೆಯನ್ನು ಒಂದು ಬೀದಿ ಎನ್ನುವುದಕ್ಕಿಂತ ಬೆನ್ನುಹುರಿ ಎನ್ನುವುದು ಸರಿ. ಎಡಬಲದ ಪೇಟೆಗಳ ಹೆಸರೇ ಅಲ್ಲಿದ್ದವರ ಪರಿಚಯ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ. ಉಪ್ಪಿಗೆ ಉಪ್ಪಾರಪೇಟೆ, ಗಾಣದವರಿಗೆ ಗಾಣಿಗರಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ, ಬಳೆಯವರಿಗೆ ಬಳೇಪೇಟೆ, ತೋಟಗಾರಿಕೆಯ ತಿಗಳರಿಗೆ ತಿಗಳರಪೇಟೆ. ನಗರ್ತರ ನಗರ್ತಪೇಟೆ ಚಿನ್ನದ ಕೆಲಸಕ್ಕೆ, ಕಬ್ಬನ್‌ಪೇಟೆ ಮಗ್ಗಗಳಿಗೆ, ಸುಲ್ತಾನ್‌ಪೇಟೆ ಕಾಗದಕ್ಕೆ ಹೆಸರಾದವು. ದಕ್ಷಿಣದ ತುದಿಯ ತಾರಾಮಂಡಲಪೇಟೆಯ ಹೆಸರನ್ನು ಮೈಸೂರು ಸೇನೆಯ ಬಾಣಗಳ, ಅಂದರೆ ರಾಕೆಟ್ಟುಗಳ ತಯಾರಿಕೆಯೊಂದಿಗೆ ಜೋಡಿಸುತ್ತಾರೆ. 

ಹೆಸರಿಗೂ ವ್ಯಾಪಾರಕ್ಕೂ ಈಗ ಎಷ್ಟೋ ಕಡೆ ನಂಟು ಕಡಿದಿದೆ. ಬಳೇಪೇಟೆಯಲ್ಲಿ ವೀಣೆ, ಮೃದಂಗ, ಹಾರ್ಮೋನಿಯಂ ಅಂಗಡಿಗಳಿವೆ. ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಿಯ ಎಸ್.ಪಿ. ರೋಡು, ಕಂಪ್ಯೂಟರ್ ಬಿಡಿಭಾಗಗಳ ಸಂತೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ವೈರು, ಸ್ವಿಚ್ಚು, ಮೋಟಾರಿಗೆ ಜನ ಬರುತ್ತಾರೆ. ಆದರೆ ಕಟ್ಟು ಹಳೆಯದೇ. ಒಂದೇ ಬಗೆಯ ಅಂಗಡಿಗಳೆಲ್ಲ ಒಂದೇ ಗಲ್ಲಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ಒಬ್ಬನ ಹತ್ತಿರ ಇಲ್ಲದ ಸಾಮಾನನ್ನು ಹುಡುಗನೊಬ್ಬ ಓಡಿಹೋಗಿ ಪಕ್ಕದವನಿಂದ ತರುತ್ತಾನೆ, ಲೆಕ್ಕ ಸಂಜೆಗೆ ತೀರುತ್ತದೆ. ರಾಗಿ ಅಳೆಯುವಾಗ ಬಳಕೆಗೆ ಬಂದ ಈ ನಂಬಿಕೆಯ ವ್ಯವಸ್ಥೆಯೇ ಈಗ ಹಾರ್ಡ್ ಡಿಸ್ಕ್ ಮಾರುವುದಕ್ಕೂ ಸಾಕಾಗಿದೆ. ಈ ಬೀದಿಯ ಬಗ್ಗೆ ಯೋಚಿಸುವಾಗಲೆಲ್ಲ ಅತಿ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ ಇದು.

ಉತ್ತರದಿಂದ ದಕ್ಷಿಣಕ್ಕೆ

ಬೀದಿಯ ಉತ್ತರದ ಬಾಯಿಗೆ ಯಲಹಂಕ ಬಾಗಿಲು ಆಂಜನೇಯಸ್ವಾಮಿ ದೇವಸ್ಥಾನವಿದೆ. ಬಾಗಿಲು ಹೋಗಿ ಕಾಲವಾಯಿತು. ದೇವರು ಅದರ ಹೆಸರು ಹೊತ್ತುಕೊಂಡು ನಿಂತಿದ್ದಾನೆ. ಎದುರಿನ ಕೆಂಪೇಗೌಡ ರಸ್ತೆ ಹಾದಿರುವ ಕಡೆ ಪೇಟೆಯ ಕಂದಕವಿತ್ತು. ಹಳ್ಳ ಮುಚ್ಚಿ ಹೆದ್ದಾರಿ ಮಾಡಿದ ಮೇಲೆ ಪೇಟೆಯ ಒಳಗೆ–ಹೊರಗೆ ಎಂಬ ಭೇದ ಅಳಿಸಿತು.

ಮೂಲೆಯಲ್ಲಿ ಮೈಸೂರು ಬ್ಯಾಂಕಿನ ಕಲ್ಲಿನ ಕಟ್ಟಡ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ, 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರ್ ಶುರುವಾಯಿತು. ಅದುವರೆಗೆ ಪೇಟೆಯ ಸಾಲ ಎಂದರೆ ಸಾಹುಕಾರನ ಗಾದಿ, ಕೈಬರಹದ ಹುಂಡಿ, ಗಿರವಿ. ಲೇವಾದೇವಿಯ ಬೀದಿಯ ಹೊಸ್ತಿಲಲ್ಲೇ ಸಂಸ್ಥಾನದ ಬ್ಯಾಂಕು ಬಂದು ಕೂತದ್ದು ದೊಡ್ಡ ಬದಲಾವಣೆ. ಹಾಗೆಂದು ಗಾದಿ ಹೋಗಲಿಲ್ಲ. ಎರಡೂ ಜೊತೆಗೆ ಬದುಕಿದವು. ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಫಲಕ ಬದಲಾಗಿದೆ. ಬಸ್ ಕಂಡಕ್ಟರು ಕೂಗುವುದು ಮಾತ್ರ ಇಂದಿಗೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಎಂದೇ.

ಅದೇ ವೃತ್ತದಲ್ಲಿ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕವಿದೆ. ಹತ್ತಿರದ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗಳು, ಗಿರಣಿ ಕೆಲಸಗಾರರು, ಪೇಟೆಯ ಹುಡುಗರು ಒಟ್ಟು ಸೇರಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಬೇರೆ ಇರಲಿಲ್ಲ. ರಸ್ತೆ ದಾಟುವ ಅವಸರದಲ್ಲಿ ಅದರತ್ತ ಕಣ್ಣೆತ್ತುವವರು ಕಡಿಮೆ; ಒಮ್ಮೆ ನಿಂತು ನೋಡಬೇಕಾದ ಸ್ಮಾರಕ ಅದು.

ಬೀದಿಯೊಳಗೆ ಹೊಕ್ಕರೆ ಅಂಗಡಿಗಳ ಫಲಕಗಳ ನಡುವೆ ಥಟ್ಟನೆ ಎತ್ತರದ ಕಂಬಗಳ, ರೋಮನ್ ಗುಡಿಯಂಥ ಮುಂಭಾಗದ ಕಟ್ಟಡವೊಂದು ಎದುರಾಗುತ್ತದೆ. ಅದು ರೈಸ್ ಸ್ಮಾರಕ ಚರ್ಚು. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಪೇಟೆಯ ಜನರ ನಡುವೆ ಬಾಳಿದವರು. ಕನ್ನಡ ಕಲಿತು ಕನ್ನಡದಲ್ಲೇ ಬೋಧಿಸಿದರು, ಪೇಟೆಯ ಮಕ್ಕಳಿಗೆ ಶಾಲೆ ನಡೆಸಿದರು. ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಮನೆಗಳು ಹಿಂಜರಿಯುತ್ತಿದ್ದ 1840ರ ದಶಕದಲ್ಲಿ ಮಿಷನ್ನಿನ ಹೆಂಗಸರು ಇಲ್ಲಿ ಹುಡುಗಿಯರಿಗೆ ಕನ್ನಡ ಓದುಬರಹ ಕಲಿಸಿದರು. ಈಗಿನ ಕಟ್ಟಡ ರೈಸರ ನೆನಪಿಗೆಂದು 20ನೇ ಶತಮಾನದ ಎರಡನೆಯ ದಶಕದಲ್ಲಿ ಎದ್ದದ್ದು; ಇಲ್ಲಿನ ಆರಾಧನೆ ಕನ್ನಡದಲ್ಲೇ ನಡೆದುಕೊಂಡು ಬಂದಿದೆ. ಅವರ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ಮುಂದೆ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಮಾಡಿಸಿದ ಮಹನೀಯ. ಕನ್ನಡ ನಾಡಿನ ಚರಿತ್ರೆಯನ್ನು ಕಲ್ಲಿನಿಂದ ಪುಸ್ತಕಕ್ಕೆ ತಂದ ಮನುಷ್ಯ ಬೆಳೆದದ್ದು ಪೇಟೆಯ ಕನ್ನಡ ಕೇಳಿಕೊಂಡು. ಪುಸ್ತಕದ ಬೀದಿಯಲ್ಲಿ ಆ ಕುಟುಂಬದ ಹೆಸರಿನ ಕಟ್ಟಡ ನಿಂತಿರುವುದು ತಕ್ಕದ್ದೇ.

ಮುಂದೆ ಚಿಕ್ಕಪೇಟೆಯ ಕೂಡುಚೌಕ. ಗುರುತಿನ ಕಲ್ಲು ಹುಡುಕಿಕೊಂಡು ಹೋದವರಿಗೆ ಸಿಗುವುದು ತಳ್ಳುಗಾಡಿ, ಸ್ಕೂಟರು, ರೇಷ್ಮೆ ಸೀರೆಯ ಅಂಗಡಿಗೆ ಕರೆಯುವ ಹುಡುಗರು. ಐತಿಹ್ಯದ ಎತ್ತುಗಳು ಹೊರಟ ಜಾಗದಲ್ಲಿ ಲಗೇಜ್ ಆಟೋ ತಿರುಗಿಸಲು ಇಬ್ಬರು ನಿಂತು ಕೈಬೀಸಬೇಕಾಗುತ್ತದೆ. ಚೌಕದಾಚೆ ರಾಜಾ ಮಾರ್ಕೆಟ್ಟು, ಬೆಳ್ಳಿಬಂಗಾರದ ಅಂಗಡಿಗಳ ಸಾಲು.

ದಕ್ಷಿಣದ ತುದಿ ಸಮೀಪಿಸಿದಂತೆ ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ. ಮೊಘಲರು ಊರನ್ನು ಹಿಡಿದಿದ್ದ 17ನೇ ಶತಮಾನದ ಕೊನೆಯ ಕಾಲಕ್ಕೆ ಸೇರಿಸುವ ಇದನ್ನು ಬೆಂಗಳೂರಿನ ಅತಿ ಹಳೆಯ ಮಸೀದಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಬೀದಿ ಮುಗಿಯುವ ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ನೀರಿನ ಕಟ್ಟೆಯಿತ್ತು. ಶಿವನಸಮುದ್ರದ ವಿದ್ಯುತ್ತು 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹೊತ್ತಿಸಿದಾಗ ಬೆಳಕಾದದ್ದು ಈ ಮಾರುಕಟ್ಟೆಯ ಆವರಣದಲ್ಲಿ. ಮಾರುಕಟ್ಟೆಯ ಹಳೆಯ ಕಟ್ಟಡ 1928ರದು. ಹತ್ತಿರದ ದೊಡ್ಡಣ್ಣ ಹಾಲ್ ಪ್ಯಾರಾಮೌಂಟ್ ಚಿತ್ರಮಂದಿರವಾದ ಮೇಲೆ, 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು ಅಲ್ಲಿ. ಪರದೆಯ ಮೇಲಿನ ಮನುಷ್ಯ ಕನ್ನಡ ಮಾತಾಡುವುದನ್ನು ಮೊದಲು ಕೇಳಿದವರಲ್ಲಿ ಪೇಟೆಯ ಅಂಗಡಿಗಳನ್ನು ಮುಚ್ಚಿ ಬಂದವರೂ ಇದ್ದಿರಲೇಬೇಕು.

ಪುಸ್ತಕದ ಬೀದಿ

ಕರ್ನಾಟಕದ ಬೇರೆ ಊರುಗಳವರಿಗೆ ಅವೆನ್ಯೂ ರಸ್ತೆ ಎಂದರೆ ಪುಸ್ತಕ. ಪಠ್ಯಪುಸ್ತಕ, ಗೈಡು, ನೋಟ್‌ಬುಕ್, ನಕಾಶೆ, ಚಿತ್ರಪಟಗಳ ಸಗಟು ಅಂಗಡಿಗಳಿಗೆ ಜಿಲ್ಲೆಜಿಲ್ಲೆಗಳಿಂದ ಅಂಗಡಿಕಾರರು ಬರುತ್ತಾರೆ. ಅವುಗಳ ಮುಂದಿನ ಫುಟ್‌ಪಾತು, ಮೆಟ್ಟಿಲು, ಜಗಲಿಗಳಲ್ಲಿ ಹಳೆ ಪುಸ್ತಕದವರು. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಪ್ಪನ ಕೈಯಲ್ಲಿ ಪಟ್ಟಿ, ಮಗಳ ಕೈಯಲ್ಲಿ ಚೀಲ. ಮಾರುವವರು ಪಟ್ಟಿಯನ್ನು ಪೂರ್ತಿ ಓದುವುದಿಲ್ಲ. ‘ಯಾವ ಕ್ಲಾಸು? ಸ್ಟೇಟಾ, ಸಿಬಿಎಸ್‌ಇನಾ?’ ಎಂದು ಕೇಳಿ, ಎದೆಯೆತ್ತರದ ಅಟ್ಟಿಯ ನಡುವಿನಿಂದ ಒಂದು ಪುಸ್ತಕ ಎಳೆಯುತ್ತಾರೆ, ಮೇಲಿನದು ಬೀಳುವುದಿಲ್ಲ. ಬೆನ್ನಿನ ಬಣ್ಣ ನೋಡಿ ಪುಸ್ತಕ ಗುರುತಿಸುವ ಆ ಕಣ್ಣು ಯಾವ ಗ್ರಂಥಾಲಯದ ತರಬೇತಿಯಲ್ಲೂ ಬರುವಂಥದ್ದಲ್ಲ.

ದರದ ಲೆಕ್ಕವೂ ಸರಳ. ಹೊಸದರ ಅರ್ಧ ಬೆಲೆಗೆ ಕೊಳ್ಳುವುದು, ವರ್ಷ ಮುಗಿದ ಮೇಲೆ ಹಾಳೆ ಹರಿಯದಿದ್ದರೆ ಅದಕ್ಕೂ ಕಡಿಮೆಗೆ ಅದೇ ಕೈಗೆ ಮರಳಿಸುವುದು. ಈ ಲೇಖಕನ ಕಪಾಟಿನಲ್ಲಿ ಇಲ್ಲಿ ಕೊಂಡ ಪಿಯುಸಿ ಭೌತಶಾಸ್ತ್ರದ ಪುಸ್ತಕವೊಂದಿದೆ. ಒಳರಕ್ಷಾಪುಟದಲ್ಲಿ ಮೂರು ಹೆಸರು, ಮೂರು ಬಗೆಯ ಶಾಯಿ. ಮೊದಲ ಎರಡನ್ನು ಒಂದೊಂದು ಗೆರೆ ಎಳೆದು ಹೊಡೆದುಹಾಕಿದೆ. ಬೆಳಕಿನ ಅಧ್ಯಾಯದಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಇದು ಖಂಡಿತ ಬರುತ್ತೆ’ ಎಂದು ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ಕೈಬರಹ: ‘ಬಂತು’. ಒಬ್ಬರನ್ನೊಬ್ಬರು ನೋಡದ ಹುಡುಗರ ನಡುವೆ ಇಂಥ ಮಾತುಕತೆಗೆ ದಾರಿ ಮಾಡಿಕೊಟ್ಟದ್ದು ಈ ಫುಟ್‌ಪಾತು. ಹಳ್ಳಿಯಿಂದ ಬಂದು ಕಡಿಮೆ ದುಡ್ಡಿನಲ್ಲಿ ಇಂಜಿನಿಯರಿಂಗ್, ಕಾನೂನು, ಮೆಡಿಕಲ್ ಓದಿದ ಹಲವು ತಲೆಮಾರುಗಳಿಗೆ ಇದು ವಿದ್ಯಾರ್ಥಿವೇತನಕ್ಕೆ ಸಮನಾದ ಉಪಕಾರ ಮಾಡಿದೆ. ಬೆಂಗಳೂರಿನ ಶಿಕ್ಷಣದ ಚರಿತ್ರೆ ಬರೆಯುವವರು ಕಾಲೇಜುಗಳ ಜೊತೆಗೆ ಈ ಅಟ್ಟಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾನುವಾರ ದೊಡ್ಡ ಅಂಗಡಿಗಳ ರೋಲಿಂಗ್ ಷಟರ್ ಇಳಿದಾಗ ಬೀದಿಗೆ ಇನ್ನೊಂದು ಮುಖ ಬರುತ್ತದೆ. ಮುಚ್ಚಿದ ಬಾಗಿಲುಗಳ ಮುಂದೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾದಂಬರಿ, ಹಳೆಯ ಮಾಸಪತ್ರಿಕೆ, ನಿಘಂಟುಗಳನ್ನು ಹರಡುತ್ತಾರೆ. ಮಾಸಿದ ರಟ್ಟಿನ ಕನ್ನಡ ಪುಸ್ತಕಗಳ ಮೊದಲ ಮುದ್ರಣಗಳು ರದ್ದಿಯ ನಡುವಿನಿಂದ ಓದುಗರ ಕೈಗೆ ಬಂದದ್ದು ಹೀಗೆಯೇ.

ಪುಸ್ತಕಕ್ಕೆ ಅಂಟಿಕೊಂಡೇ ಕಾಗದದ ಉಳಿದ ಕಸುಬುಗಳಿವೆ. ಲಗ್ನಪತ್ರಿಕೆಯ ಅಂಗಡಿಗಳಲ್ಲಿ ಮದುವೆಮನೆಯ ಹಿರಿಯರು ಗಣಪತಿಯ ಚಿತ್ರ ಯಾವುದಿರಬೇಕೆಂದು ಮಧ್ಯಾಹ್ನದವರೆಗೂ ಚರ್ಚಿಸುತ್ತಾರೆ. ದೀಪಾವಳಿಯ ಮುಂಚೆ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳು ಪೂಜೆಗೆಂದು ಮಾರಾಟವಾಗುತ್ತವೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಅಂಗಡಿಗಳವರೂ ಪೂಜೆಗೆ ಒಂದು ಪುಸ್ತಕ ಕೊಳ್ಳುವುದುಂಟು.

ಮನೆಗಳು ಹೋದದ್ದು

ಪೇಟೆಯ ನಿವೇಶನಕ್ಕೆ ಮುಖ ಕಿರಿದು, ಉದ್ದ ಹೆಚ್ಚು. ಬೀದಿಗೆ ಅಂಗಡಿ ಮತ್ತು ಜಗಲಿ, ಹಿಂದೆ ಉಗ್ರಾಣ, ತೊಟ್ಟಿ, ಅಡುಗೆಮನೆ, ಬಾವಿ. ಮಹಡಿಯ ಮೇಲೆ ಮಲಗುವ ಕೋಣೆಗಳು. ವ್ಯಾಪಾರಿ ಮಧ್ಯಾಹ್ನದ ಊಟಕ್ಕೆ ಹತ್ತು ಹೆಜ್ಜೆ ಒಳಗೆ ಹೋದರೆ ಸಾಕಿತ್ತು. ಗಿರಾಕಿಯ ದನಿ ಅಡುಗೆಮನೆಗೆ ಕೇಳುತ್ತಿತ್ತು, ಒಗ್ಗರಣೆಯ ಘಮ ಗಿರಾಕಿಗೆ ತಲುಪುತ್ತಿತ್ತು.

ಈ ಬಾಳಿಗೆ ಮೊದಲ ಪೆಟ್ಟು 1898ರ ಪ್ಲೇಗು. ಆಗಸ್ಟಿನಲ್ಲಿ ಕಾಣಿಸಿಕೊಂಡ ರೋಗ ಗಾಳಿಬೆಳಕಿಲ್ಲದ, ಒತ್ತೊತ್ತಾದ ಪೇಟೆಯ ಮನೆಗಳಲ್ಲಿ ಸಾವಿರಾರು ಜೀವ ತೆಗೆಯಿತು. ದವಸದ ಉಗ್ರಾಣವಿದ್ದ ಕಡೆ ಇಲಿ, ಇಲಿಯಿದ್ದ ಕಡೆ ರೋಗ. ಅಂಗಡಿ–ಉಗ್ರಾಣ–ಮನೆ ಒಂದೇ ಸೂರಿನಡಿ ಇದ್ದದ್ದೇ ಮುಳುವಾಯಿತು. ಜನ ಊರಾಚೆ ಗುಡಿಸಲು ಹಾಕಿಕೊಂಡರು. ಆಗಷ್ಟೇ ಆರಂಭವಾಗಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೋದದ್ದರ ಹಿಂದೆ ಈ ಹೆದರಿಕೆ ದೊಡ್ಡ ಕಾರಣ. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ, ಮನೆಗಳ ಹಿಂದೆ ಕಸ ಸಾಗಿಸುವ ಸಂದಿ ಇರಬೇಕೆಂಬ ತಿಳಿವಳಿಕೆ ಗಟ್ಟಿಯಾದದ್ದು ಪೇಟೆಯ ಈ ಸಂಕಟದಿಂದ. 

ಉಳಿದದ್ದು ನಿಧಾನವಾಗಿ ನಡೆಯಿತು. ಆಸ್ತಿ ಭಾಗವಾದಂತೆ ಕಿರಿದಾದ ಮುಖ ಇನ್ನೂ ಕಿರಿದಾಯಿತು. ದವಸದ ಮಂಡಿಗಳಲ್ಲಿ ಬಹುಪಾಲು ಯಶವಂತಪುರದ ಎಪಿಎಂಸಿಗೆ ಹೋದವು. ರಾಜಸ್ಥಾನ, ಗುಜರಾತಿನಿಂದ ಬಂದ ವ್ಯಾಪಾರಿ ಕುಟುಂಬಗಳು ಬಟ್ಟೆ, ಬೆಳ್ಳಿ, ಕಾಗದ, ವಿದ್ಯುತ್ ಸಾಮಾನಿನ ಸಗಟನ್ನು ಬೆಳೆಸಿ, ಇಲ್ಲಿಯ ಕನ್ನಡವನ್ನು ತಮ್ಮದಾಗಿಸಿಕೊಂಡವು. ತೊಟ್ಟಿಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟಿದರೆ ಒಂದೊಂದು ಮಹಡಿಗೂ ಬಾಡಿಗೆ ಸಿಗುತ್ತದೆ; ಹಾಗೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಆದರೂ ನಷ್ಟ ನಷ್ಟವೇ. ಈ ಬೀದಿಯಲ್ಲಿ ಸಾಮಾನು ಎಷ್ಟು ಸಾರಿ ಬದಲಾದರೂ ಬೀದಿ ಕೆಟ್ಟಿರಲಿಲ್ಲ, ಏಕೆಂದರೆ ರಾತ್ರಿಯೂ ಇಲ್ಲಿ ಜನ ಇರುತ್ತಿದ್ದರು. ಈಗ ಒಂಬತ್ತು ಗಂಟೆಗೆ ಷಟರ್ ಎಳೆದು ವ್ಯಾಪಾರಿ ದೂರದ ಬಡಾವಣೆಗೆ ಹೊರಡುತ್ತಾನೆ. ಮೇಲಿನ ಕೋಣೆಗಳಲ್ಲಿ ಮಲಗುವುದು ರಟ್ಟಿನ ಪೆಟ್ಟಿಗೆಗಳು. ಐದು ಶತಮಾನಗಳಲ್ಲಿ ದೊಡ್ಡಪೇಟೆಗೆ ಆದ ಬದಲಾವಣೆಗಳಲ್ಲಿ ಅತ್ಯಂತ ಆಳವಾದದ್ದು ಇದು.

ಕರಗದ ರಾತ್ರಿ

ವರ್ಷಕ್ಕೊಮ್ಮೆ, ಚೈತ್ರ ಹುಣ್ಣಿಮೆಯ ರಾತ್ರಿ, ಆ ಖಾಲಿತನ ತುಂಬುತ್ತದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ದ್ರೌಪದಿಯ ಕರಗ ಹೊರಟು ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಅರಳೆಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಹಿಂದಿರುಗುತ್ತದೆ. ಅರಿಶಿನದ ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತ ಪೂಜಾರಿ; ಸುತ್ತ ಕತ್ತಿ ಹಿಡಿದ ವೀರಕುಮಾರರು; ‘ಗೋವಿಂದ’ ಎಂಬ ಕೂಗು. ಕರಗ ಅವೆನ್ಯೂ ರಸ್ತೆಗೆ ಬರುವಾಗ ಜಗಲಿಗಳ ಮೇಲೆ, ಮಹಡಿಯ ಕಿಟಕಿಗಳಲ್ಲಿ ಜನ ತುಂಬಿರುತ್ತಾರೆ. ಎಂದೋ ಜಯನಗರಕ್ಕೆ, ರಾಜಾಜಿನಗರಕ್ಕೆ ಹೋದ ಕುಟುಂಬಗಳವರು ಅಂದು ಮಾತ್ರ ತಮ್ಮ ಹಳೆಯ ಮನೆಯಿದ್ದ ಅಂಗಡಿಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಾರೆ. ಕರಗದ ದಾರಿ ಪೇಟೆಯ ಹಳೆಯ ನಕ್ಷೆಯನ್ನು ಕಾಲಿನಿಂದ ಬರೆದಂತಿದೆ.

ಇತ್ತೀಚಿನ ವರ್ಷಗಳು

ರಸ್ತೆಯನ್ನು ಅಗಲ ಮಾಡುವ ಪ್ರಸ್ತಾಪ ಹಿಂದೆ ಬಂದಾಗ ವ್ಯಾಪಾರಿಗಳು ಒಟ್ಟಾಗಿ ವಿರೋಧಿಸಿದರು. ಅವರು ಹೇಳಿದ್ದು ಸರಿ. ಮುಖ ಹತ್ತಡಿಯಷ್ಟಿರುವ, ಒಂದಕ್ಕೊಂದು ಗೋಡೆ ಹಂಚಿಕೊಂಡ ಅಂಗಡಿಗಳ ಮುಂಭಾಗ ಕತ್ತರಿಸಿದರೆ ಉಳಿಯುವುದು ಗೋಡೆ ಮಾತ್ರ; ಅಗಲವಾದ ರಸ್ತೆಯಲ್ಲಿ ಕಾರುಗಳು ಹಾದುಹೋಗುತ್ತವೆ, ಗಿರಾಕಿ ನಿಲ್ಲುವುದಿಲ್ಲ. 2017ರ ಜೂನಿನಲ್ಲಿ ಮೆಟ್ರೋದ ಹಸಿರು ಮಾರ್ಗದ ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆ ನಿಲ್ದಾಣಗಳು ನೆಲದಡಿಯಲ್ಲಿ ತೆರೆದವು. ಬೀದಿಗೆ ಜನ ಬೇಕು, ಕಾರು ಬೇಡ ಎಂಬವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಟೆಂಡರ್‌ಶ್ಯೂರ್ ಮಾದರಿಗೆ ರಸ್ತೆಯನ್ನು ಅಗೆದರು. ನೀರು, ಒಳಚರಂಡಿ, ವಿದ್ಯುತ್ತು, ಕೇಬಲ್ಲುಗಳನ್ನು ಬೇರೆ ಬೇರೆ ಕೊಳವೆಗಳಲ್ಲಿ ನೆಲದಡಿ ಹಾಕಿ, ಮೇಲೆ ಕಲ್ಲು ಹಾಸಿ, ನಡೆಯುವವರಿಗೆ ಅಗಲವಾದ ಜಾಗ ಬಿಡುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಕೆಲಸ ಎಳೆದಾಡಿ, ಅಗೆದ ಗುಂಡಿಗಳ ಮಧ್ಯೆ ಹಲಗೆಯ ಮೇಲೆ ನಡೆದು ಅಂಗಡಿಗೆ ಹೋಗಬೇಕಾದ ದಿನಗಳಲ್ಲಿ ವ್ಯಾಪಾರ ಬಿದ್ದುಹೋಯಿತು. ಹೆಚ್ಚು ಪೆಟ್ಟು ತಿಂದವರು ಫುಟ್‌ಪಾತಿನವರು. ಹಳೆ ಪುಸ್ತಕದವರಿಗೆ ಅಟ್ಟಿ ಇಡಲು ಜಾಗವಿರಲಿಲ್ಲ. ಮಳೆ ಬಂದರೆ ಎತ್ತಿಡಲು ಜಗಲಿಯೂ ಇರಲಿಲ್ಲ. ಪಾಠಗಳು ಮೊಬೈಲಿಗೆ ಬಂದದ್ದರಿಂದ ಅವರ ಗಿರಾಕಿ ಮೊದಲೇ ಕಡಿಮೆಯಾಗಿದ್ದ. ಹೊಸ ಕಲ್ಲುಹಾಸಿನ ಮೇಲೆ ಅವರಿಗೆ ಗುರುತು ಹಾಕಿದ ಜಾಗ ಕೊಡುವುದು ಕಷ್ಟದ ಕೆಲಸವಲ್ಲ, ಕೊಡಲೇಬೇಕಾದದ್ದು.

ದಿನದ ಅತಿ ಶಾಂತ ಗಳಿಗೆ ಬೆಳಗಿನ ಜಾವ. ದಕ್ಷಿಣದಲ್ಲಿ ಹೂವಿನ ಮಾರುಕಟ್ಟೆ ಆಗಲೇ ಎದ್ದಿರುತ್ತದೆ. ಕನಕಾಂಬರ, ಸೇವಂತಿಗೆ, ಸುಗಂಧರಾಜದ ಮೂಟೆಗಳು ಇಳಿಯುತ್ತಿರುತ್ತವೆ. ಕೊಂಡವರು ಹೂವಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಚ್ಚಿದ ಅಂಗಡಿಗಳ ನಡುವೆ ಉತ್ತರಕ್ಕೆ ನಡೆಯುತ್ತಾರೆ. ಯಲಹಂಕ ಬಾಗಿಲಿನ ಆಂಜನೇಯನ ಗುಡಿ ತೆರೆಯುವ ಹೊತ್ತಿಗೆ ಒಂದು ಮಾಲೆ ಅಲ್ಲಿಗೆ ತಲುಪಿರುತ್ತದೆ.